ವಿದ್ಯಾರ್ಥಿಯ ಗಣಕ ಖಾತೆ ಮತ್ತು ಅಂತರಜಾಲ ಸುರಕ್ಷತೆ: ಬೋಗಾದಿ–ಮಾನಸಗಂಗೋತ್ರಿ ಪರಿಸರದ ಸಮೀಕ್ಷೆ

ವಿಶ್ವವಿದ್ಯಾನಿಲಯ, ಕಾಲೇಜು ಅಥವಾ ಶಿಕ್ಷಣ ಇಲಾಖೆ ತನ್ನ ಗಣಕ ವ್ಯವಸ್ಥೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ತೆರೆದುಕೊಡುವ ಲಾಗಿನ್ ಹೆಸರು, ಪಾಸ್‌ವರ್ಡ್ ಮತ್ತು ಅವುಗಳಿಂದ ದೊರೆಯುವ ಹಕ್ಕುಗಳನ್ನು ಒಟ್ಟಾಗಿ ವಿದ್ಯಾರ್ಥಿ ಖಾತೆ ಎನ್ನುತ್ತಾರೆ. ಪ್ರವೇಶದ ಅರ್ಜಿ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ವಿದ್ಯಾರ್ಥಿವೇತನ, ಗ್ರಂಥಾಲಯ, ಇ-ಮೇಲ್ ಎಲ್ಲವೂ ಈಗ ಖಾತೆಯ ಮೂಲಕವೇ ನಡೆಯುತ್ತವೆ. ಹಿಂದೆ ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತು ಗುರುತಿನ ಚೀಟಿ ತೋರಿಸಿ ಮಾಡಿಸಿಕೊಳ್ಳುತ್ತಿದ್ದ ಕೆಲಸಗಳನ್ನು ಈಗ ಪಾಸ್‌ವರ್ಡ್ ಗೊತ್ತಿರುವ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಮಾಡಬಲ್ಲರು. ಖಾತೆಯ ಸುರಕ್ಷತೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ನುರಿತ ಕಳ್ಳನೊಬ್ಬ ಗಣಕವನ್ನು ಭೇದಿಸಿ ಒಳನುಗ್ಗುತ್ತಾನೆ ಎಂಬುದು ಈ ವಿಷಯದ ಬಗ್ಗೆ ಜನರಲ್ಲಿರುವ ಸಾಮಾನ್ಯ ಕಲ್ಪನೆ. ಕರ್ನಾಟಕದ ವಿದ್ಯಾರ್ಥಿಗಳ ಮಟ್ಟಿಗೆ ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಅರ್ಜಿ ತುಂಬಿಸುವಾಗ, ಸೀಟು ಹುಡುಕುವಾಗ, ಗೆಳೆಯರಿಗೆ ನೆರವಾಗುವಾಗ ವಿದ್ಯಾರ್ಥಿಗಳು ತಾವಾಗಿಯೇ ಖಾತೆಯನ್ನು ಪರರ ಕೈಗೆ ಕೊಟ್ಟಿರುತ್ತಾರೆ. ಈ ಲೇಖನ ಬೋಗಾದಿ ಮತ್ತು ಅದಕ್ಕೆ ಹೊಂದಿಕೊಂಡ ಮಾನಸಗಂಗೋತ್ರಿಯ ಪರಿಸರವನ್ನು ಮುಂದಿಟ್ಟುಕೊಂಡು ಇಂಥ ಖಾತೆಗಳ ಇತಿಹಾಸ, ನಿರ್ವಹಣೆ, ಅಪಾಯ ಮತ್ತು ರಕ್ಷಣೆಯನ್ನು ಪರಿಶೀಲಿಸುತ್ತದೆ.

ಪರಿಸರ

ಬೋಗಾದಿ ಮೈಸೂರು ನಗರದ ಪಶ್ಚಿಮ ಅಂಚಿನಲ್ಲಿದೆ. ಹಳ್ಳಿಯಾಗಿದ್ದ ಈ ಊರು ಬಡಾವಣೆಗಳೊಂದಿಗೆ ಬೆಳೆದು ಇತ್ತೀಚಿನ ವರ್ಷಗಳಲ್ಲಿ ಪಟ್ಟಣ ಪಂಚಾಯಿತಿಯ ದರ್ಜೆ ಪಡೆಯಿತು. ಬೋಗಾದಿ ರಸ್ತೆ ಇದನ್ನು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಜೋಡಿಸುತ್ತದೆ. 1916ರ ಜುಲೈ 27ರಂದು ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯಕ್ಕೆ 1960ರಲ್ಲಿ ಪ್ರತ್ಯೇಕ ಸ್ನಾತಕೋತ್ತರ ಕೇಂದ್ರ ದೊರೆತಾಗ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ, 1963ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇವೆಲ್ಲ ಇದೇ ಆಸುಪಾಸಿನಲ್ಲಿವೆ.

ಹೀಗಾಗಿ ಬೋಗಾದಿಯ ಬಾಡಿಗೆ ಕೋಣೆಗಳಲ್ಲಿ, ಪಿ.ಜಿ.ಗಳಲ್ಲಿ ಹಲವು ಸಂಸ್ಥೆಗಳ ವಿದ್ಯಾರ್ಥಿಗಳು ಒಟ್ಟಿಗೆ ನೆಲೆಸುತ್ತಾರೆ. ಹುಣಸೂರು, ಎಚ್.ಡಿ. ಕೋಟೆ, ನಂಜನಗೂಡು, ಚಾಮರಾಜನಗರ, ಮಂಡ್ಯ, ಕೊಡಗಿನ ಕಡೆಯಿಂದ ಬಂದವರ ಜೊತೆಗೆ ಹೊರರಾಜ್ಯ, ಹೊರದೇಶದವರೂ ಇರುತ್ತಾರೆ. ಒಂದೇ ವೈ-ಫೈ, ಕೆಲವೊಮ್ಮೆ ಒಂದೇ ಲ್ಯಾಪ್‌ಟಾಪ್, ಹತ್ತಿರದ ಒಂದೇ ಝೆರಾಕ್ಸ್ ಅಂಗಡಿ ಎಲ್ಲರ ಬಳಕೆಗೂ ಆಗುತ್ತದೆ. ದೊಡ್ಡ ಕಂಪನಿಯ ನೌಕರರಿಗೆ ಹೇಳುವ ಸುರಕ್ಷತಾ ಪಾಠ ಈ ಹಂಚಿಕೆಯ ಬದುಕಿಗೆ ಹಾಗೆಯೇ ಒಪ್ಪುವುದಿಲ್ಲ.

ಇತಿಹಾಸ

ಗಣಕದ ಪಾಸ್‌ವರ್ಡ್ ಹುಟ್ಟಿದ್ದು ವಿಶ್ವವಿದ್ಯಾನಿಲಯದಲ್ಲೇ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿಟಿಎಸ್ಎಸ್ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗಣಕವನ್ನು ಹಲವರು ಏಕಕಾಲಕ್ಕೆ ಬಳಸಬಹುದಿತ್ತು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣಬಾರದೆಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ ತನಗೆ ಸಿಕ್ಕಿದ್ದ ಗಣಕದ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಂಡ. ಪಾಸ್‌ವರ್ಡ್‌ಗಳನ್ನು ಇದ್ದಂತೆಯೇ ಬರೆದಿಡಬಾರದು ಎಂಬುದಕ್ಕೆ ಇದು ಆರಂಭದ ನಿದರ್ಶನ.

ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಸೇರಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಅಡಿಗಲ್ಲು. ಪಾಸ್‌ವರ್ಡನ್ನು ಹಿಂತಿರುಗಿಸಲಾಗದ ಗಣಿತಕ್ರಿಯೆಗೆ ಒಳಪಡಿಸಿ, ಹೊರಬಂದ ಹ್ಯಾಶ್ ಎಂಬ ಸಂಕೇತವನ್ನು ಮಾತ್ರ ಇಟ್ಟುಕೊಳ್ಳುವ ವಿಧಾನವನ್ನು ಅವರು ವಿವರಿಸಿದರು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಸಂಕೇತ ಬೇರೆಯಾಗುವಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆ ಬೆರೆಸುವ ಕ್ರಮವನ್ನೂ ತಿಳಿಸಿದರು. ಬಳಕೆದಾರರಿಂದ ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳನ್ನು ಅವರು ಪರೀಕ್ಷಿಸಿದಾಗ ಶೇ. 86ರಷ್ಟು ತೀರ ಚಿಕ್ಕವು ಅಥವಾ ನಿಘಂಟಿನಲ್ಲಿ ಸಿಗುವಂಥವು ಎಂದು ತಿಳಿದುಬಂತು. ಇದೇ ಮಾರಿಸ್‌ರ ಮಗ, ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್, 1988ರ ನವೆಂಬರ್ 2ರಂದು ಹರಿಯಬಿಟ್ಟ ಪ್ರೋಗ್ರಾಂ ಸಾಮಾನ್ಯ ಪಾಸ್‌ವರ್ಡ್‌ಗಳನ್ನು ಊಹಿಸುತ್ತ, ಇತರ ದೋಷಗಳನ್ನೂ ಬಳಸಿಕೊಂಡು ಅಂದಿನ ಅಂತರಜಾಲದ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು.

ಭಾರತದಲ್ಲಿ ವಿದ್ಯಾಸಂಸ್ಥೆಗಳ ಜಾಲ ಆರಂಭವಾದದ್ದು 1986ರ ಅರ್ನೆಟ್ ಯೋಜನೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲ ಎಂಟು ಪಾಲುದಾರರಲ್ಲಿ ಒಂದು. ಭಾರತದ ವಿಶ್ವವಿದ್ಯಾನಿಲಯಗಳ ಜಾಲತಾಣಗಳ ವಿಳಾಸದ ಕೊನೆಗೆ ಬರುವ ‘ಎಸಿ ಡಾಟ್ ಇನ್’ ಎಂಬ ಗುರುತನ್ನು ಇಂದಿಗೂ ಅರ್ಹ ಸಂಸ್ಥೆಗಳಿಗಷ್ಟೇ ನೀಡುವುದು ಅರ್ನೆಟ್. 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನ ಜಾಲ ವಿಶ್ವವಿದ್ಯಾನಿಲಯಗಳಿಗೆ ವೇಗದ ಸಂಪರ್ಕ ಒದಗಿಸಿತು. ಮಾನಸಗಂಗೋತ್ರಿಯ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದ ಸುಮಾರಿಗೆ ರೂಪುಗೊಂಡ ‘ವಿದ್ಯಾನಿಧಿ’ ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಸಂಗ್ರಹಿಸುವ ಆರಂಭದ ಪ್ರಯತ್ನಗಳಲ್ಲಿ ಮುಖ್ಯವಾದುದು. ವಿದ್ಯಾರ್ಥಿಯ ಬರಹವನ್ನು ಕಪಾಟಿನಿಂದ ಜಾಲಕ್ಕೆ ತರುವ ಯೋಚನೆ ಮೈಸೂರಿನಲ್ಲಿ ಅಷ್ಟು ಬೇಗನೆ ಮೂಡಿತ್ತು.

ಒಬ್ಬ ವಿದ್ಯಾರ್ಥಿಗೆ ಹಲವು ಖಾತೆಗಳು

ಇಂದು ಬೋಗಾದಿಯಲ್ಲಿ ಕೋಣೆ ಹಿಡಿದು ಪದವಿಗೆ ಸೇರುವ ವಿದ್ಯಾರ್ಥಿಯ ಹೆಸರಲ್ಲಿ ಕನಿಷ್ಠ ಆರೇಳು ಖಾತೆಗಳಿರುತ್ತವೆ. ವೃತ್ತಿಶಿಕ್ಷಣಕ್ಕೆ ಸೇರಬಯಸುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಖಾತೆ ಬೇಕು. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಪ್ರವೇಶ ಮತ್ತು ಪರೀಕ್ಷೆಗಳನ್ನು ಒಂದೇ ಸೂರಿನಡಿ ತರಲು 2021–22ರ ಶೈಕ್ಷಣಿಕ ವರ್ಷದಿಂದ ಬಳಕೆಗೆ ಬಂದ ಯುಯುಸಿಎಂಎಸ್, ಅಂದರೆ ಏಕೀಕೃತ ವಿಶ್ವವಿದ್ಯಾನಿಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯಲ್ಲಿ ಇನ್ನೊಂದು ಖಾತೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್ಎಸ್‌ಪಿ ತಂತ್ರಾಂಶ. 2015ರ ಜುಲೈ 1ರಂದು ಆರಂಭವಾದ ಡಿಜಿಲಾಕರ್‌ನಲ್ಲಿ ಅಂಕಪಟ್ಟಿ, ಪ್ರಮಾಣಪತ್ರಗಳು. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2021ರ ಜುಲೈನಲ್ಲಿ ನಿಯಮ ಹೊರಡಿಸಿ ಸ್ಥಾಪಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕ. 2017ರಲ್ಲಿ ಬಂದ ಸ್ವಯಂ ವೇದಿಕೆಯಲ್ಲಿ ಆನ್‌ಲೈನ್ ಪಾಠ. ಮಾನಸಗಂಗೋತ್ರಿಯ ಇಎಂಆರ್‌ಸಿ ಎಂಬ ಶೈಕ್ಷಣಿಕ ಮಲ್ಟಿಮೀಡಿಯಾ ಸಂಶೋಧನಾ ಕೇಂದ್ರವೂ ಇಂಥ ಪಾಠಗಳನ್ನು ಸಿದ್ಧಪಡಿಸುತ್ತದೆ. ಇವುಗಳ ಜೊತೆಗೆ ಸಂಸ್ಥೆ ಕೊಡುವ ಇ-ಮೇಲ್ ಮತ್ತು ಗ್ರಂಥಾಲಯದ ಲಾಗಿನ್.

ಗ್ರಂಥಾಲಯದ ಲಾಗಿನ್ ಬೆಲೆಬಾಳುವಂಥದ್ದು. 2025ರ ಜನವರಿ 1ರಂದು ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿವೆ. ಕ್ಯಾಂಪಸ್ಸಿನ ಹೊರಗೆ ಕೋಣೆಯಲ್ಲಿ ಕುಳಿತು ಇಂಥ ಸಂಪನ್ಮೂಲಗಳನ್ನು ಓದಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇನ್‌ಫೆಡ್ ಎಂಬ ಒಕ್ಕೂಟ ನೆರವಾಗುತ್ತದೆ. ವಿದ್ಯಾರ್ಥಿಯ ಪಾಸ್‌ವರ್ಡನ್ನು ಅವರ ಸಂಸ್ಥೆಯೇ ಪರಿಶೀಲಿಸಿ, ‘ಇವರು ನಮ್ಮವರು’ ಎಂಬ ಮಾತನ್ನಷ್ಟೇ ಪ್ರಕಾಶಕರಿಗೆ ತಿಳಿಸುವುದರಿಂದ ಪಾಸ್‌ವರ್ಡ್ ಹೊರಗೆ ಹೋಗುವುದಿಲ್ಲ. ಯುರೋಪಿನಲ್ಲಿ ಹುಟ್ಟಿದ ಎಜುರೋಮ್ ಎಂಬ ವೈ-ಫೈ ಜಾಲವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅದಕ್ಕೆ ಸೇರಿದ ಯಾವುದೇ ಸಂಸ್ಥೆಯ ವಿದ್ಯಾರ್ಥಿ ಬೇರೊಂದು ಸದಸ್ಯ ಸಂಸ್ಥೆಗೆ ಹೋದಾಗ ತಮ್ಮ ಮನೆಸಂಸ್ಥೆಯ ಖಾತೆಯಿಂದಲೇ ಸಂಪರ್ಕ ಪಡೆಯಬಹುದು.

ಖಾತೆಯ ಹುಟ್ಟು, ಬದುಕು, ಕೊನೆ

ಖಾತೆ ಸರಿಯಾಗಿ ಹುಟ್ಟಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಹೆಸರಿನ ಮುಂದೆ ಇರುವುದುಂಟು. ಒಂದು ಕಡೆ ಊರಿನ ಹೆಸರು ಬಿಡಿಸಿ ಬರೆದಿದ್ದರೆ ಇನ್ನೊಂದು ಕಡೆ ಒಂದೇ ಅಕ್ಷರ ಇರುತ್ತದೆ. ಮನುಷ್ಯರಿಗೆ ಇದು ಒಂದೇ ಹೆಸರು, ಗಣಕಕ್ಕೆ ಎರಡು. ಖಾತೆಗಳು ಒಂದಕ್ಕೊಂದು ಜೋಡಣೆಯಾಗುವಾಗ ಹೆಸರು ಹೊಂದದೆ ಕ್ರೆಡಿಟ್ ಅಥವಾ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಆಗ ‘ಸರಿಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗಳ ಕೈಗೆ ವಿದ್ಯಾರ್ಥಿ ಸಿಕ್ಕಿಬೀಳುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ರೂಪವನ್ನೇ ಎಲ್ಲ ಕಡೆಯೂ ಉಳಿಸಿಕೊಳ್ಳುವುದು, ಆಧಾರ್‌ನಲ್ಲಿ ವ್ಯತ್ಯಾಸವಿದ್ದರೆ ಪ್ರವೇಶಕ್ಕೆ ಮೊದಲೇ ತಿದ್ದಿಸುವುದು ಒಳ್ಳೆಯದು.

ಎರಡನೆಯದು ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್. ಹಳ್ಳಿಗಳಿಂದ ಬರುವ ಅನೇಕರು ಮೊದಲ ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸುತ್ತಾರೆ. ಒಟಿಪಿಗಾಗಿ ಕಾಯುವ ತಾಪತ್ರಯ ಬೇಡವೆಂದು ಅಲ್ಲಿಯವರು ತಮ್ಮದೇ ಸಂಖ್ಯೆಯನ್ನೋ ಇ-ಮೇಲನ್ನೋ ಹಾಕಿ, ಎಲ್ಲ ಗಿರಾಕಿಗಳಿಗೂ ಒಂದೇ ಬಗೆಯ ಪಾಸ್‌ವರ್ಡ್ ಇಟ್ಟು, ಅದನ್ನು ಅರ್ಜಿಯ ಹಿಂಬದಿಯಲ್ಲಿ ಬರೆದುಕೊಡುವ ರೂಢಿಯಿದೆ. ಇದರ ಹಿಂದೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಆದರೆ ಪಾಸ್‌ವರ್ಡ್ ಬದಲಿಸುವ ಅಧಿಕಾರ ಒಟಿಪಿ ಬರುವ ಸಂಖ್ಯೆಯ ಒಡೆಯರಿಗೆ ಸೇರುವುದರಿಂದ ಖಾತೆ ಹುಟ್ಟುವಾಗಲೇ ವಿದ್ಯಾರ್ಥಿಯ ಕೈತಪ್ಪಿರುತ್ತದೆ.

ಸಂಖ್ಯೆ ತನ್ನದೇ ಆಗಿದ್ದರೂ ರೀಚಾರ್ಜ್ ಮಾಡದೆ ಬಿಟ್ಟರೆ ಅಪಾಯವಿದೆ. ಸಂಪರ್ಕ ಕಡಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ಬೇರೆ ಗ್ರಾಹಕರಿಗೆ ಕೊಡಲು ಭಾರತದಲ್ಲಿ ಅವಕಾಶವಿದೆ. ಅಗ್ಗದ ಯೋಜನೆ ಸಿಕ್ಕಿತೆಂದು ಹಳೆಯ ಸಿಮ್ ಬಿಸಾಡುವ ಮುನ್ನ ಆ ಸಂಖ್ಯೆ ಜೋಡಿಸಿರುವ ಖಾತೆಗಳೆಲ್ಲದರಲ್ಲೂ ಹೊಸ ಸಂಖ್ಯೆ ನಮೂದಿಸಬೇಕು.

ಖಾತೆಯ ಕೊನೆಯ ಬಗ್ಗೆ ಯೋಚಿಸುವವರು ಕಡಿಮೆ. ಪದವಿ ಮುಗಿದ ಮೇಲೆ ಸಂಸ್ಥೆಯ ಇ-ಮೇಲ್ ಎಷ್ಟು ಕಾಲ ಉಳಿಯುತ್ತದೆ ಎಂಬುದು ಸಂಸ್ಥೆಯ ನೀತಿಗೆ ಬಿಟ್ಟದ್ದು. ಗೂಗಲ್ ಸಂಸ್ಥೆ ವಿದ್ಯಾಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಸಂಗ್ರಹವನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿ, ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಮೂಲಮಿತಿ ವಿಧಿಸಿದ ಮೇಲೆ ಜಗತ್ತಿನ ಹಲವು ವಿಶ್ವವಿದ್ಯಾನಿಲಯಗಳು ಹಳೆಯ ವಿದ್ಯಾರ್ಥಿಗಳ ಖಾತೆಗಳನ್ನು ಮೊಟಕುಗೊಳಿಸಿದವು. ಪ್ರಬಂಧದ ಕರಡು, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಮಾರ್ಗದರ್ಶಕರೊಂದಿಗಿನ ಪತ್ರವ್ಯವಹಾರ ಇವುಗಳ ಒಂದು ಪ್ರತಿಯನ್ನು ಕೊನೆಯ ಸೆಮಿಸ್ಟರ್‌ನಲ್ಲೇ ಹೊರತೆಗೆದಿಟ್ಟುಕೊಳ್ಳಬೇಕು. ಬ್ಯಾಂಕು, ಡಿಜಿಲಾಕರ್, ನೇಮಕಾತಿ ಅರ್ಜಿಗಳಿಗೆ ಸಂಸ್ಥೆಯ ಇ-ಮೇಲ್ ಕೊಡದೆ ಸ್ವಂತ ವಿಳಾಸ ಕೊಡುವುದು ಸರಿ.

ಪಾಸ್‌ವರ್ಡ್

ಹೊಸ ವಿದ್ಯಾರ್ಥಿಗಳಿಗೆ ರಿಜಿಸ್ಟರ್ ನಂಬರನ್ನು ಲಾಗಿನ್ ಆಗಿಯೂ ಹುಟ್ಟಿದ ದಿನಾಂಕವನ್ನು ಮೊದಲ ಪಾಸ್‌ವರ್ಡ್ ಆಗಿಯೂ ಕೊಡುವ ಪದ್ಧತಿ ನಮ್ಮಲ್ಲಿ ವ್ಯಾಪಕ. ರಿಜಿಸ್ಟರ್ ನಂಬರುಗಳು ಸಾಲಾಗಿರುತ್ತವೆ, ಸೂಚನಾ ಫಲಕದಲ್ಲೂ ಕಾಣುತ್ತವೆ. ಒಂದು ತರಗತಿಯವರು ನಾಲ್ಕು ವರ್ಷಗಳ ಅಂತರದೊಳಗೆ ಹುಟ್ಟಿದವರೆಂದು ಇಟ್ಟುಕೊಂಡರೆ ಸಾಧ್ಯವಿರುವ ದಿನಾಂಕಗಳು 1,461 ಮಾತ್ರ. ಗಣಕಕ್ಕೆ ಇಷ್ಟನ್ನು ಒಂದೊಂದಾಗಿ ಪ್ರಯತ್ನಿಸುವುದು ಕ್ಷಣದ ಕೆಲಸ. ಗೆಳೆಯರಿಗಂತೂ ಊಹೆಯೂ ಬೇಕಿಲ್ಲ, ಹುಟ್ಟುಹಬ್ಬ ನೆನಪಿದ್ದರೆ ಸಾಕು. ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸದೆ ಮುಂದೆ ಹೋಗಲು ಬಿಡದಂತೆ ತಂತ್ರಾಂಶವನ್ನು ರೂಪಿಸುವುದು ಸಂಸ್ಥೆಯ ಮೊದಲ ಕರ್ತವ್ಯ.

ಬದಲಿಸುವಾಗ ಎಂಥದ್ದನ್ನು ಆರಿಸಬೇಕು? ಇಂಗ್ಲಿಷ್ ಸಣ್ಣಕ್ಷರಗಳ ಆರು ಅಕ್ಷರದ ಪಾಸ್‌ವರ್ಡಿಗೆ ಸುಮಾರು 31 ಕೋಟಿ ಸಾಧ್ಯತೆಗಳಿವೆ. ಕದ್ದ ಹ್ಯಾಶ್ ಪಟ್ಟಿ ಕೈಯಲ್ಲಿದ್ದರೆ ಇಂದಿನ ಗಣಕಗಳಿಗೆ ಇದು ಅಲ್ಪ. ಐದು ಸಾವಿರ ಪದಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ನಾಲ್ಕು ಪದ ಆರಿಸಿ ಜೋಡಿಸಿದರೆ ಸಾಧ್ಯತೆಗಳು 625 ಲಕ್ಷ ಕೋಟಿಗೆ ಏರುತ್ತವೆ, ನೆನಪಿಡುವುದೂ ಸುಲಭ. ‘ಗೋಣಿ, ಕೊಡಲಿ, ಮಳೆಬಿಲ್ಲು, ಅಳಿಲು’ ಎಂಬಂಥ ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಉದ್ದವಾದ, ಗಟ್ಟಿಯಾದ ಪಾಸ್‌ವರ್ಡ್ ಸಿಗುತ್ತದೆ. ಇಲ್ಲಿ ಕೊಟ್ಟ ಉದಾಹರಣೆಯನ್ನೇ ಬಳಸಬಾರದು. ಗಾದೆ, ವಚನದ ಸಾಲು, ಸಿನಿಮಾ ಹಾಡು, ಊರದೇವರ ಹೆಸರಿನ ಮುಂದೆ ಹುಟ್ಟಿದ ವರ್ಷ ಇವು ಉದ್ದವಾಗಿದ್ದರೂ ಊಹೆಗೆ ನಿಲುಕುತ್ತವೆ.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡಬಹುದೇ ಎಂಬ ಪ್ರಶ್ನೆ ಸಹಜ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಅರ್ಧಾಕ್ಷರ ಬಿಡಿಸಲು ಕೀಲಿಮಣೆ ಸೇರಿಸುವ ಅಗೋಚರ ಸಂಕೇತವೂ ಹೀಗೆಯೇ. ತಂತ್ರಾಂಶ ಇವನ್ನು ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಮೊಬೈಲಿನಲ್ಲಿ ಇಟ್ಟ ಪಾಸ್‌ವರ್ಡ್ ಪ್ರಯೋಗಾಲಯದ ಗಣಕದಲ್ಲಿ ‘ತಪ್ಪು’ ಎಂದು ಬರುತ್ತದೆ. ಕನ್ನಡದ ಬಳಕೆದಾರರಿಗಾಗಿ ತಂತ್ರಾಂಶ ಬರೆಯುವವರು ಇದನ್ನು ಸರಿಪಡಿಸುವವರೆಗೆ ಕನ್ನಡ ಪದ, ಇಂಗ್ಲಿಷ್ ಅಕ್ಷರ ಎಂಬುದೇ ಸುರಕ್ಷಿತ ದಾರಿ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಹಳೆಯ ಸಲಹೆಯನ್ನು ಈಗ ತಜ್ಞರು ಒಪ್ಪುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ, ಸೋರಿಕೆಯ ಸುಳಿವಿಲ್ಲದೆ ನಿಯತಕಾಲಿಕವಾಗಿ ಬದಲಾಯಿಸುವಂತೆ ಒತ್ತಾಯಿಸಬಾರದು, ಉದ್ದಕ್ಕೆ ಆದ್ಯತೆ ಕೊಡಬೇಕು, ಹೊಸ ಪಾಸ್‌ವರ್ಡ್ ಈಗಾಗಲೇ ಸೋರಿದವುಗಳ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು ಎಂದು ಹೇಳಿತು. ಪದೇ ಪದೇ ಬದಲಿಸಬೇಕಾದವರು ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಬಹುಮುಖ್ಯವಾದ ನಿಯಮ ಒಂದು ಪಾಸ್‌ವರ್ಡನ್ನು ಎರಡು ಕಡೆ ಬಳಸದಿರುವುದು. ಆಟದ ತಾಣವೊಂದರಿಂದ ಸೋರಿದ ಪಟ್ಟಿಯನ್ನು ಇ-ಮೇಲ್, ಬ್ಯಾಂಕುಗಳ ಮೇಲೆ ತಾನಾಗಿ ಪ್ರಯತ್ನಿಸುವ ಪ್ರೋಗ್ರಾಂಗಳು ಹಗಲಿರುಳೂ ಓಡುತ್ತಿರುತ್ತವೆ. ಆರೇಳು ಪಾಸ್‌ವರ್ಡ್ ನೆನಪಿಡಲಾಗದವರು ಪಾಸ್‌ವರ್ಡ್ ಮ್ಯಾನೇಜರ್ ಬಳಸಬಹುದು. ಸ್ವಂತ ಗಣಕವಿಲ್ಲದವರು ಮನೆಯ ಟ್ರಂಕಿನಲ್ಲಿ ಭದ್ರವಾಗಿಟ್ಟ ನೋಟ್‌ಪುಸ್ತಕದಲ್ಲಿ ಬರೆದಿಟ್ಟರೂ ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದಕ್ಕಿಂತ ಮೇಲು.

ಎರಡನೆಯ ಕಾವಲು ಎರಡು ಹಂತದ ಪರಿಶೀಲನೆ. ಎಸ್ಎಂಎಸ್ ಒಟಿಪಿ ಇದರ ಸಾಮಾನ್ಯ ರೂಪ; ಸಿಮ್ ಕೈತಪ್ಪಿದರೆ ಇದೂ ಕೈತಪ್ಪುತ್ತದೆ. 2011ರಲ್ಲಿ ಮಾನಕವಾದ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆಯನ್ನು ಮೊಬೈಲಿನಲ್ಲೇ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಇನ್ನೂ ಗಟ್ಟಿ. ಇತ್ತೀಚಿನ ಪಾಸ್‌ಕೀ ವಿಧಾನದಲ್ಲಿ ರಹಸ್ಯ ಕೀಲಿಯನ್ನು ಟೈಪ್ ಮಾಡುವ ಪ್ರಸಂಗವೇ ಇಲ್ಲದ್ದರಿಂದ ನಕಲಿ ತಾಣಕ್ಕೆ ಅದನ್ನು ಕದಿಯಲಾಗದು. ಯಾವುದಾದರೂ ಒಂದೇ ಖಾತೆಗೆ ಈ ರಕ್ಷಣೆ ಕೊಡುವುದಾದರೆ ಅದು ಇ-ಮೇಲ್ ಆಗಿರಬೇಕು. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಗಳು ಬಂದು ಬೀಳುವುದು ಅಲ್ಲಿಯೇ.

ಅಪಾಯಗಳು

ಲಾಗಿನ್ ಪರರ ಪಾಲಾದರೆ ಏನಾಗುತ್ತದೆ ಎಂಬುದನ್ನು 2024ರ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಹಗರಣ ಇಡೀ ರಾಜ್ಯಕ್ಕೆ ತೋರಿಸಿತು. ಸರ್ಕಾರಿ ಕೋಟಾದ ಸೀಟು ಬೇಡವಾಗಿದ್ದ ಅಭ್ಯರ್ಥಿಗಳ ಲಾಗಿನ್ ಮತ್ತು ಪಾಸ್‌ವರ್ಡ್ ಸಂಗ್ರಹಿಸಿ, ಅವರ ಹೆಸರಿನಲ್ಲಿ ಆಯ್ಕೆಗಳನ್ನು ನಮೂದಿಸಿ ಬೇಡಿಕೆಯ ಸೀಟುಗಳನ್ನು ತಡೆಹಿಡಿದ ಆರೋಪ ಇದು. ಸೀಟು ಪಡೆದೂ ಸೇರದವರ ಸಂಖ್ಯೆ ಅನುಮಾನ ಮೂಡಿಸಿದಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರಿಶೀಲಿಸಿತು. ಹಲವು ಅಭ್ಯರ್ಥಿಗಳ ಆಯ್ಕೆಗಳು ಒಂದೇ ಐಪಿ ವಿಳಾಸದಿಂದ ಬಂದಿರುವುದು ಕಂಡಿತು. ಬೆಂಗಳೂರಿನ ಮಲ್ಲೇಶ್ವರ ಪೊಲೀಸರು ಪ್ರಕರಣ ದಾಖಲಿಸಿ ಹಲವರನ್ನು ಬಂಧಿಸಿದರು. ಸೇರುವ ಮನಸ್ಸಿಲ್ಲದೆ ತಡೆಹಿಡಿದ ಪ್ರತಿ ಸೀಟಿನ ಹಿಂದೆ ಅದು ಸಿಗಬೇಕಿದ್ದ ಅರ್ಹ ವಿದ್ಯಾರ್ಥಿಯೊಬ್ಬರಿದ್ದಾರೆ. ‘ನನಗೆ ಬೇಡದ ಖಾತೆ’ ಎಂದು ಪಾಸ್‌ವರ್ಡ್ ಬಿಟ್ಟುಕೊಡುವುದು ಇನ್ನೊಬ್ಬರ ಓದಿಗೆ ಕಲ್ಲು ಹಾಕಿದಂತೆ.

ಮೋಸದ ಸಂದೇಶ, ಅಂದರೆ ಫಿಶಿಂಗ್, ಇನ್ನೊಂದು ದೊಡ್ಡ ದಾರಿ. ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ’, ‘ಹಾಲ್ ಟಿಕೆಟ್ ತಡೆಹಿಡಿಯಲಾಗಿದೆ’, ‘ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ’ ಎಂಬವು ವಿದ್ಯಾರ್ಥಿಗಳ ಆತಂಕವನ್ನು ಅರಿತೇ ಹೆಣೆದ ಮಾತುಗಳು. ರಾಜ್ಯದ ವಿದ್ಯಾರ್ಥಿವೇತನ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಅದನ್ನು ಬಿಡುಗಡೆ ಮಾಡಲು ಯಾವ ಅಧಿಕಾರಿಗೂ ಫೋನಿನಲ್ಲಿ ಒಟಿಪಿ ಬೇಕಾಗುವುದಿಲ್ಲ. ವಿಳಾಸದಲ್ಲಿರುವ ತಾಣದ ಹೆಸರನ್ನು ಕೊನೆಯಿಂದ ಓದುವ ಅಭ್ಯಾಸ ಒಳ್ಳೆಯದು: ಸರ್ಕಾರದ ಬಹುಪಾಲು ತಾಣಗಳು ‘ಜಿಒವಿ ಡಾಟ್ ಇನ್’ ಎಂದೂ, ಬಹುತೇಕ ವಿಶ್ವವಿದ್ಯಾನಿಲಯಗಳ ತಾಣಗಳು ‘ಎಸಿ ಡಾಟ್ ಇನ್’ ಎಂದೂ ಮುಗಿಯುತ್ತವೆ. ಆ ಅಕ್ಷರಗಳು ವಿಳಾಸದ ನಡುವೆ ಎಲ್ಲೋ ಕಂಡರೆ ಸಾಲದು. ಹೆಸರಾಂತ ಸಂಸ್ಥೆಗಳ ಖಾತೆಯೂ ಅಪಹರಣವಾಗಬಲ್ಲದು. 2022ರ ಏಪ್ರಿಲ್‌ನಲ್ಲಿ ಯುಜಿಸಿಯ ಟ್ವಿಟರ್ ಖಾತೆಯೇ ಕೆಲಕಾಲ ಅಪರಿಚಿತರ ವಶವಾಗಿತ್ತು.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ‘ಫಲಿತಾಂಶ ನೋಡುವ ಆ್ಯಪ್’, ‘ಆಮಂತ್ರಣ ಪತ್ರಿಕೆ’ ಎಂಬ ಹೆಸರಿನ ಎಪಿಕೆ ಕಡತಗಳನ್ನು ಸ್ಥಾಪಿಸಿದರೆ ಮೊಬೈಲಿಗೆ ಬರುವ ಎಸ್ಎಂಎಸ್‌ಗಳು ವಂಚಕರಿಗೆ ತಲುಪಬಲ್ಲವು. ಮನೆಯಲ್ಲೇ ಕುಳಿತು ಗಳಿಸುವ ಕೆಲಸದ ಆಮಿಷವೊಡ್ಡಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಯನ್ನು ‘ಬಾಡಿಗೆಗೆ’ ಪಡೆಯುವವರಿದ್ದಾರೆ. ಕದ್ದ ಹಣ ಹರಿಯುವ ಇಂಥ ಖಾತೆಯ ಒಡೆಯರೇ ಮೊದಲು ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಕೆಲವು ಸಾವಿರ ರೂಪಾಯಿಯ ಆಸೆಗೆ ಓದು, ಉದ್ಯೋಗ, ಪಾಸ್‌ಪೋರ್ಟ್ ಮೂರಕ್ಕೂ ಕುತ್ತು ಬರುತ್ತದೆ.

ಸೈಬರ್ ಸೆಂಟರ್‌ಗೆ ಹೋಗುವುದು ಅನಿವಾರ್ಯವಾದವರು ಬ್ರೌಸರಿನ ಖಾಸಗಿ ಕಿಟಕಿ ತೆರೆಸಿ, ಪಾಸ್‌ವರ್ಡನ್ನು ತಾವೇ ಒತ್ತಿ, ‘ಉಳಿಸಲೇ’ ಎಂದು ಕೇಳಿದಾಗ ಬೇಡವೆಂದು ಹೇಳಿ, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಬೇಕು. ಇಳಿಸಿಕೊಂಡ ಅಂಕಪಟ್ಟಿ, ಆಧಾರ್ ಪ್ರತಿಗಳನ್ನು ಡೌನ್‌ಲೋಡ್ ಕಡತಕೋಶದಿಂದ ಅಳಿಸಬೇಕು. ಮುದ್ರಣಕ್ಕೆಂದು ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳಿಸಿದ ದಾಖಲೆಗಳು ಅಲ್ಲಿಯೇ ಉಳಿಯುತ್ತವೆ ಎಂಬುದೂ ನೆನಪಿರಲಿ.

ಕಾನೂನು

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ವಿಷಯದಲ್ಲಿ ಮೂಲ ಕಾನೂನು. ಅದರ 66ಸಿ ಕಲಮಿನಂತೆ ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತನ್ನು ವಂಚನೆಯಿಂದ ಬಳಸುವುದಕ್ಕೂ, 66ಡಿ ಕಲಮಿನಂತೆ ಗಣಕದ ಮೂಲಕ ಬೇರೆಯವರಂತೆ ನಟಿಸಿ ಮೋಸ ಮಾಡುವುದಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ಇದೆ. ತಮಾಷೆಗೆಂದು ಗೆಳೆಯರ ಖಾತೆಗೆ ಅನುಮತಿಯಿಲ್ಲದೆ ನುಗ್ಗುವವರೂ ಕಾನೂನಿನ ಹಿಡಿತದಿಂದ ಹೊರಗಿಲ್ಲ. ಗಣಕ ಸುರಕ್ಷತೆಯ ತುರ್ತುಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಸೈಬರ್ ಘಟನೆಯನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಗಣಕ ಬಳಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಕಾಪಾಡಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದತ್ತಾಂಶ ಇಟ್ಟುಕೊಂಡವರ ಹೊಣೆಯನ್ನು ನಿಗದಿಪಡಿಸಿ, ರಕ್ಷಣೆಯಲ್ಲಿ ವಿಫಲರಾದವರಿಗೆ 250 ಕೋಟಿ ರೂಪಾಯಿವರೆಗಿನ ದಂಡವನ್ನು ಸೂಚಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಈ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಮೊದಲ ವರ್ಷದ ಪದವಿಗೆ ಸೇರುವ 17ರ ಹರೆಯದವರು ಈ ವ್ಯಾಪ್ತಿಗೆ ಬರುತ್ತಾರೆ ಎಂಬುದನ್ನು ಕಾಲೇಜುಗಳು ಗಮನಿಸಬೇಕು.

ಸಂಸ್ಥೆಯ ಹೊಣೆ

ವಿದ್ಯಾರ್ಥಿಗೆ ಬುದ್ಧಿ ಹೇಳುವಷ್ಟಕ್ಕೆ ಸಂಸ್ಥೆಯ ಕೆಲಸ ಮುಗಿಯುವುದಿಲ್ಲ. ಹಾಲ್ ಟಿಕೆಟ್ ಸಂಖ್ಯೆ, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ ಇರುವ ಪಟ್ಟಿಗಳನ್ನು ಸೂಚನಾ ಫಲಕದಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಹಾಕುವುದನ್ನು ನಿಲ್ಲಿಸಬೇಕು. ವಿಭಾಗದ ಎಲ್ಲರಿಗೂ ಒಂದೇ ಲಾಗಿನ್ ಕೊಡುವ ರೂಢಿ ಕೈಬಿಡಬೇಕು; ತಪ್ಪು ನಡೆದಾಗ ಮಾಡಿದವರು ಯಾರೆಂದು ಅದರಿಂದ ತಿಳಿಯುವುದಿಲ್ಲ. ಪಾಸ್‌ವರ್ಡ್ ಮರೆತವರ ಗುರುತನ್ನು ಖುದ್ದಾಗಿ ಪರಿಶೀಲಿಸಿ ನೆರವಾಗುವ, ಕನ್ನಡದಲ್ಲಿ ಮಾತಾಡುವ ಸಹಾಯ ಕೇಂದ್ರವೊಂದು ಪ್ರತಿ ಕ್ಯಾಂಪಸ್ಸಿನಲ್ಲಿರಬೇಕು. ಅಧಿಕೃತ ನೆರವು ಹತ್ತಿರದಲ್ಲೇ ಸಿಕ್ಕರೆ ಮಧ್ಯವರ್ತಿಗಳ ಬಳಿ ಹೋಗುವ ಅಗತ್ಯ ಬೀಳುವುದಿಲ್ಲ. ಗ್ರಂಥಾಲಯದ ಗಣಕಗಳಲ್ಲಿ ಉಚಿತವಾಗಿ ಅರ್ಜಿ ತುಂಬಲು ಅವಕಾಶ ಕೊಡುವುದು ಇದಕ್ಕೆ ಪೂರಕ. ಯುಜಿಸಿ 2022ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ಸೈಬರ್ ಸುರಕ್ಷತೆಯ ಪಠ್ಯಕ್ರಮ ಬಿಡುಗಡೆ ಮಾಡಿದೆ. ಅದನ್ನು ಕನ್ನಡದಲ್ಲಿ, ಸ್ಥಳೀಯ ಉದಾಹರಣೆಗಳೊಂದಿಗೆ ಕಲಿಸಿದಾಗ ಮಾತ್ರ ಪೂರ್ಣ ಫಲ ದೊರೆಯುತ್ತದೆ.

ಖಾತೆ ಕೈತಪ್ಪಿದಾಗ

ಮೊದಲು ಇ-ಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಬೇಕು. ಬಂದ ಪತ್ರಗಳನ್ನು ಬೇರೆಡೆಗೆ ರವಾನಿಸುವ ನಿಯಮವನ್ನು ಯಾರಾದರೂ ಸೇರಿಸಿದ್ದಾರೆಯೇ, ಮರುಪಡೆಯುವ ಸಂಖ್ಯೆ ಬದಲಾಗಿದೆಯೇ ಎಂದು ನೋಡಬೇಕು. ಬಳಿಕ ಉಳಿದ ಖಾತೆಗಳು. ಸಂಸ್ಥೆಯ ಪರೀಕ್ಷಾ ವಿಭಾಗ ಅಥವಾ ಗಣಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮೋಸದ ಸಂದೇಶ, ಸಂಖ್ಯೆ, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಡಬೇಕು. ಸಿಟ್ಟಿನಲ್ಲಿ ಅಳಿಸಿದರೆ ಸಾಕ್ಷ್ಯ ಹೋಗುತ್ತದೆ.

ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಚದುರುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಸಲ್ಲಿಸಬಹುದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಮೈಸೂರು ಸೇರಿದಂತೆ ರಾಜ್ಯದೆಲ್ಲೆಡೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳು ಈ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ. ಖಾಸಗಿ ಚಿತ್ರಗಳನ್ನಿಟ್ಟುಕೊಂಡು ಬೆದರಿಸುವವರಿದ್ದರೆ ಹಣ ಕೊಡದೆ ನಂಬಿಕಸ್ಥ ಹಿರಿಯರಿಗೋ ಅಧ್ಯಾಪಕರಿಗೋ ತಿಳಿಸಿ ದೂರು ಕೊಡಬೇಕು. ಮೋಸಹೋದವರನ್ನು ಬೈಯದೆ ಜೊತೆಗೆ ನಿಲ್ಲುವುದು ಮನೆಯವರ, ಅಧ್ಯಾಪಕರ ಕರ್ತವ್ಯ. ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ಗಂಟೆಯೂ ವಂಚಕರಿಗೆ ಲಾಭ.

ಸಮಾಪ್ತಿ

ಒಂದು ಖಾತೆ ಸುರಕ್ಷಿತವೇ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ನನ್ನದೇ? ಇ-ಮೇಲ್ ನನ್ನದೇ? ಪಾಸ್‌ವರ್ಡ್ ನಾನೇ ಆರಿಸಿದ್ದೇ, ಬೇರಾರಿಗೂ ಗೊತ್ತಿಲ್ಲವೇ? ಮೂರಕ್ಕೂ ಹೌದು ಎನ್ನಲಾಗದವರು ಈ ದಿನವೇ ಸರಿಪಡಿಸಿಕೊಳ್ಳಬೇಕು. ತರಗತಿಗಳು ಆರಂಭವಾಗುವ ಮೊದಲ ವಾರದಲ್ಲಿ ಪ್ರತಿ ಕಾಲೇಜೂ ಒಂದು ಗಂಟೆ ಮೀಸಲಿಟ್ಟು, ಹೊಸ ವಿದ್ಯಾರ್ಥಿಗಳನ್ನು ಗಣಕಗಳ ಮುಂದೆ ಕೂರಿಸಿ ಈ ಮೂರನ್ನೂ ಖಚಿತಪಡಿಸಬೇಕು. ಇದಕ್ಕೆ ಹೊಸ ಯಂತ್ರ, ಹೊಸ ಅನುದಾನ ಯಾವುದೂ ಬೇಕಿಲ್ಲ. ಆಡಳಿತದ ಮನಸ್ಸು ಮತ್ತು ಅಧ್ಯಾಪಕರ ಒಂದು ಗಂಟೆ ಬೇಕು.